ಚೀನೀಯರಿಗೆ ಟೀವಿ-ರೇಡಿಯೋ ಇಂಗ್ಲಿಷ್ ಕಲಿಸಿದ ನನ್ನ ಅನುಭವ

ಆನ್‌ಲೈನಲ್ಲಿ ಚೀನಾದವ್ರಿಗೆ ಇಂಗ್ಲಿಷ್ ಹೇಳ್ಕೊಡೋಕೆ ಶುರು ಮಾಡಿದ ಹೊಸದ್ರಲ್ಲಿ ರೇಡಿಯೋ-ಟೀವಿ ಪಾಠಕ್ಕೆ ಅಂತ 40 ಪದದ ಪಟ್ಟಿ ಕಳಿಸ್ಬಿಟ್ಟೆ, ಆಂಕರ್, ಚಾನೆಲ್, ಸ್ಟೇಷನ್, ಲೈವ್, ಎಲ್ಲದರ ಎದುರಿಗೂ ಚೀನೀ ಅರ್ಥ. ಪಾಪ ಎಲ್ಲರೂ ಬಾಯಿಪಾಠ ಮಾಡ್ಕೊಂಡು ಬಂದ್ರು, ಆದ್ರೆ ಮಾತಾಡಿ ಅಂದಾಗ ಚೆಂಗ್ಡುವಿನ ಹೆಣ್ಮಗಳೊಬ್ರು "ಐ ಓಪನ್ ದ ಟೀವಿ" ಅಂದ್ರು.

ಚೀನೀಲಿ ಬಾಗಿಲು ತೆಗೆಯೋದಕ್ಕೂ ಟೀವಿ ಆನ್ ಮಾಡೋದಕ್ಕೂ 'ಕಾಯ್' ಅಂತ ಒಂದೇ ಪದ, ಮುಚ್ಚೋದಕ್ಕೂ ಆಫ್ ಮಾಡೋದಕ್ಕೂ 'ಗುವಾನ್'. ನಮ್ಮಲ್ಲಿ ನೋಡಿ, ಬಾಗಿಲು ಹಾಕು ಅಂದ್ರೆ ಮುಚ್ಚು, ಟೀವಿ ಹಾಕು ಅಂದ್ರೆ ಆನ್ ಮಾಡು! ಇದನ್ನ ಅವ್ರಿಗೆ ಹೇಳ್ದೆ, ತುಂಬಾ ಖುಷಿಪಟ್ರು, ತಪ್ಪಾಗುತ್ತೆ ಅನ್ನೋ ಭಯಾನೂ ಹೋಯ್ತು. ಅವತ್ತಿಂದ ಒಂಟಿ ಪದ ಕೊಡೋದು ಬಿಟ್ಟೆ, ಟರ್ನ್ ಆನ್ ದ ಟೀವಿ, ಲಿಸನ್ ಟು ದ ರೇಡಿಯೋ ಅಂತ ಜೊತೆಜೊತೆಗೇ ಕೊಡ್ತೀನಿ. ಆ 'ಟು' ಅಂತೂ ಪದೇಪದೇ ಬಿಟ್ಟುಹೋಗುತ್ತೆ, ಯಾಕಂದ್ರೆ ಚೀನೀಲಿ ರೇಡಿಯೋ ಕೇಳೋದಕ್ಕೆ ಬರೀ 'ತಿಂಗ್' ಅಂದ್ರೆ ಮುಗೀತು.

ನನಗೆ ತುಂಬಾ ಇಷ್ಟವಾದ ಕ್ಲಾಸು ಬ್ರಾಡ್‌ಕಾಸ್ಟ್ ಪದದ್ದು. ರೇಡಿಯೋ ಬರೋಕೆ ಮುಂಚೆ ಇಂಗ್ಲಿಷಲ್ಲಿ ಅದು ಹೊಲದ ಮಾತು, ಕೈಯಲ್ಲಿ ಬೀಜ ಎರಚಿ ಬಿತ್ತೋದು, ನಮ್ಮ ಕಡೆ ರೈತರು ಚೆಲ್ಲು ಬಿತ್ತನೆ ಅಂತಾರಲ್ಲ ಅದು. ಚೀನೀಲಿ ಬ್ರಾಡ್‌ಕಾಸ್ಟಿಗೆ 'ಗುವಾಂಗ್‌ಬೋ', ಗುವಾಂಗ್ ಅಂದ್ರೆ ವಿಶಾಲ, 'ಬೋ' ಅಂದ್ರೆ ಬಿತ್ತು! ದಿನಾ ಸಂಜೆ 7ಕ್ಕೆ ಬರೋ, 1978ರಲ್ಲಿ ಶುರುವಾದ ಅವರ ನ್ಯೂಸ್ 'ಶಿನ್‌ವೆನ್ ಲಿಯೆನ್‌ಬೋ' ಹೆಸರಲ್ಲೂ ಅದೇ ಬೋ ಇದೆ. ಕ್ಯಾಮೆರಾ ಮುಂದೆ ಒಂದು ಹಿಡಿ ರಾಗಿ ತಗೊಂಡು ಟೇಬಲ್ ಮೇಲೆ ಎರಚಿ ತೋರಿಸ್ದೆ, ಒಂದು ಕ್ಷಣ ಯಾರೂ ಮಾತಾಡ್ಲಿಲ್ಲ, ಆಮೇಲೆ ಎಲ್ಲರೂ ಒಟ್ಟಿಗೆ "ಬೋ! ಬೋ!" ಅಂತ ಕೂಗಿದ್ರು. (ನಮ್ಮ 'ಬಿತ್ತರಿಸು' ಕೂಡ ಹಂಗೇ ಕೇಳ್ಸುತ್ತೆ, ಆದ್ರೆ ಅದು ಬಂದಿದ್ದು ವಿಸ್ತಾರದಿಂದ, ಬಿತ್ತನೆಯಿಂದ ಅಲ್ಲ.)

ಲೈವ್ ಇನ್ನೂ ಕಷ್ಟ. ಅರ್ಥ ಗೊತ್ತು, 'ಜಿರ್‌ಬೋ' ಅಂತ ಮೊಬೈಲಲ್ಲಿ ದಿನಾ ನೋಡ್ತಾರೆ, ಓದುವಾಗ ಮಾತ್ರ ಲಿವ್ (ವಾಸ ಮಾಡು) ಅಂದ್ಬಿಡ್ತಾರೆ, ಎರಡಕ್ಕೂ ಸ್ಪೆಲಿಂಗ್ ಒಂದೇ ನೋಡಿ. ಅದಕ್ಕೇ ಈಗ ಪ್ರತಿ ಕ್ಲಾಸು ಶುರುವಾಗೋದೇ ಒಂದು ವಾಕ್ಯದಿಂದ, ಐ ಲಿವ್ ಇನ್ ಚೆಂಗ್ಡು ಅಂಡ್ ಐ ವಾಚ್ ದ ಮ್ಯಾಚ್ ಲೈವ್, ಮೂರು ಸಲ, ಜೋರಾಗಿ.