ನಾಲ್ಕು ಮಳೆಮಾಪಕಗಳು ಒಂದೇ ಉತ್ತರಕ್ಕೆ ಬರುವುದು ಹೇಗೆ?

ಬೆಂಗಳೂರಿನ ಮಳೆ ಗೊತ್ತಲ್ವಾ? ಒಂದು ಬಡಾವಣೆಯಲ್ಲಿ ಹನಿ ಹಾಕುವಾಗ ಇನ್ನೊಂದರಲ್ಲಿ ಧೋ ಎಂದು ಸುರಿಯುತ್ತಿರುತ್ತದೆ. ಉತ್ತರದಿಂದ ದಕ್ಷಿಣಕ್ಕೆ ಹೆಬ್ಬಾಳ, ಮಲ್ಲೇಶ್ವರ, ಬಸವನಗುಡಿ, ಜಯನಗರದಲ್ಲಿ ಒಂದೊಂದು ಮಳೆಮಾಪಕ ಇದೆ ಎಂದುಕೊಳ್ಳಿ. ಲೆಕ್ಕ ಕೂಡಿಸುವ ಕೇಂದ್ರ ಕಂಪ್ಯೂಟರ್ ಇಲ್ಲ. ಮಾಪಕಗಳು ಪಕ್ಕದವುಗಳ ಜೊತೆ ಮಾತ್ರ ಮಾತಾಡುತ್ತವೆ. ಆದರೂ ನಾಲ್ಕಕ್ಕೂ ಒಟ್ಟಾರೆ ಸರಾಸರಿ ಗೊತ್ತಾಗಬೇಕು. ಡ್ರೋನ್ ಗುಂಪುಗಳಲ್ಲಿ, ಸೆನ್ಸರ್ ಜಾಲಗಳಲ್ಲಿ ಬಳಸುವ ಕನ್ಸೆನ್ಸಸ್ ಅಲ್ಗಾರಿದಮ್ ಮಾಡುವ ಕೆಲಸ ಇದೇ. ಕಲಿಯಲು ಪೆನ್ನು, ಹಾಳೆ ಸಾಕು.

ಮೊದಲು ನಾಲ್ಕು ಚುಕ್ಕೆ ಇಟ್ಟು ಸಾಲಾಗಿ ಗೆರೆ ಎಳೆಯಿರಿ. ಮಳೆಯನ್ನು ಮಿಲಿಮೀಟರ್‌ನಲ್ಲಿ ಬರೆಯಿರಿ: 8, 40, 16, 32. ಸರಾಸರಿ 24. ಅದು ನಮಗೆ ಗೊತ್ತು, ಮಾಪಕಗಳಿಗೆ ಗೊತ್ತಿಲ್ಲ.

ಈಗ ನಿಯಮ. ಪಕ್ಕದವರ ಸಂಖ್ಯೆಯಿಂದ ನಿಮ್ಮದನ್ನು ಕಳೆಯಿರಿ. ಇಬ್ಬರಿದ್ದರೆ ಎರಡೂ ವ್ಯತ್ಯಾಸ ಕೂಡಿಸಿ. ಅದರ ಕಾಲು ಭಾಗವನ್ನು ನಿಮ್ಮ ಸಂಖ್ಯೆಗೆ ಸೇರಿಸಿ. ಹೆಬ್ಬಾಳಕ್ಕೆ ಮಲ್ಲೇಶ್ವರ ಮಾತ್ರ ಪಕ್ಕ: 40ರಲ್ಲಿ 8 ಹೋದರೆ 32, ಅದರ ಕಾಲು 8, ಹೊಸ ಸಂಖ್ಯೆ 16. ನಾಲ್ವರೂ ಹಳೆಯ ಸಂಖ್ಯೆಗಳನ್ನೇ ಹಿಡಿದು ಒಟ್ಟಿಗೆ ಲೆಕ್ಕ ಮಾಡಬೇಕು. ಆಗ 16, 26, 26, 28 ಬರುತ್ತದೆ. ಕೂಡಿಸಿ ನೋಡಿ, ಮೊತ್ತ ಮೊದಲಿನ 96 ಆಗಿಯೇ ಇರುತ್ತದೆ. ಒಬ್ಬರು ಪಡೆದಷ್ಟನ್ನೇ ಇನ್ನೊಬ್ಬರು ಕೊಟ್ಟಿರುತ್ತಾರೆ. ಹಾಗಾಗಿ ಒಮ್ಮತ ಬಂದರೆ ಅದು 24ರಲ್ಲೇ ಬರಬೇಕು.

ಮೂರು ಸುತ್ತಿನ ನಂತರ 19.75, 23, 26, 27.25. ಇನ್ನೂ 7.5ರ ಅಂತರ. ನಿಧಾನ ಅನ್ನಿಸಿತಾ?

ಹೆಬ್ಬಾಳಕ್ಕೂ ಜಯನಗರಕ್ಕೂ ಒಂದು ಗೆರೆ ಎಳೆದು ಉಂಗುರ ಮಾಡಿ. ಮೊದಲಿಂದ ಶುರು ಮಾಡಿ. ಒಂದನೇ ಸುತ್ತಿಗೆ 22, 26, 26, 22. ಎರಡನೆಯದಕ್ಕೆ 23, 25, 25, 23. ಮೂರನೆಯದಕ್ಕೆ 23.5, 24.5, 24.5, 23.5. ಒಂದೇ ಒಂದು ಲಿಂಕ್ ಮಾಡಿದ ಕೆಲಸ ಇದು! ಈ ಗಣಿತದಲ್ಲಿ ನನಗೆ ಅತಿ ಇಷ್ಟವಾದ ಜಾಗವೂ ಇದೇ. ಯಾರು ಯಾರ ಜೊತೆ ಮಾತಾಡುತ್ತಾರೆ ಎಂಬುದೇ ವೇಗವನ್ನು ತೀರ್ಮಾನಿಸುತ್ತದೆ. ಅದನ್ನು ಅಳೆಯುವ ಸಂಖ್ಯೆಯನ್ನು ಜೆಕ್ ಗಣಿತಜ್ಞ ಮಿರೋಸ್ಲಾವ್ ಫೀಡ್ಲರ್ 1973ರಲ್ಲಿ ವಿವರಿಸಿದರು. ಯಾರು ಯಾರಿಗೆ ಪಕ್ಕ ಎಂಬುದನ್ನು ಸಂಖ್ಯೆಗಳಲ್ಲಿ ಬರೆದ ಕೋಷ್ಟಕಕ್ಕೆ ಜಾಲದ ಲಾಪ್ಲಾಸಿಯನ್ ಮ್ಯಾಟ್ರಿಕ್ಸ್ ಎನ್ನುತ್ತಾರೆ; ಆ ಕೋಷ್ಟಕದ ಗುಣ ಹೇಳುವ ವಿಶಿಷ್ಟ ಸಂಖ್ಯೆಗಳಲ್ಲಿ (ಐಗನ್‌ವ್ಯಾಲ್ಯೂ) ಎರಡನೇ ಅತಿ ಚಿಕ್ಕದು ಅದು. ಅದು ದೊಡ್ಡದಿದ್ದಷ್ಟೂ ಒಮ್ಮತ ಬೇಗ. ನಮ್ಮ ಸಾಲಿಗೆ ಸುಮಾರು 0.59, ಉಂಗುರಕ್ಕೆ 2.

ಬೇಗ ಮುಗಿಯಲಿ ಎಂದು ಕಾಲು ಭಾಗದ ಬದಲು ಅರ್ಧ ಸೇರಿಸಿದರೆ? ಉಂಗುರದಲ್ಲಿ 36, 12, 36, 12 ಬರುತ್ತದೆ. ಮುಂದಿನ ಸುತ್ತಿನಲ್ಲಿ 12, 36, 12, 36. ಹೀಗೇ ಅದಲುಬದಲು, ಕೊನೆಯೇ ಇಲ್ಲ. ಅತಿ ಜಾಸ್ತಿ ನೆರೆಯವರಿರುವ ಮಾಪಕಕ್ಕೆ ಎಷ್ಟು ಜನ ಪಕ್ಕದವರೋ ನೋಡಿ, 1ನ್ನು ಆ ಸಂಖ್ಯೆಯಿಂದ ಭಾಗಿಸಿ. ಸೇರಿಸುವ ಪಾಲು ಅದಕ್ಕಿಂತ ಕಡಿಮೆ ಇದ್ದರೆ ಭಯವಿಲ್ಲ.

ಕೊನೆಯ ಪರೀಕ್ಷೆ ಕಠಿಣ. ಒಂದು ಮಾಪಕದಲ್ಲಿ ಕಸ ಕಟ್ಟಿಕೊಂಡು ಅದು ಸುಮ್ನೆ 0 ಎನ್ನುತ್ತಲೇ ಇರಲಿ. ಉಳಿದ ಮೂರೂ ನಿಧಾನವಾಗಿ 0ಗೆ ಇಳಿಯುತ್ತವೆ. ಇಲ್ಲಿ ಸರಾಸರಿಯ ನಿಯಮ ಸಾಲದು, ಬೇರೆಯೇ ವಿಧಾನ ಬೇಕು. ಕಂಪ್ಯೂಟರ್ ವಿಜ್ಞಾನಿಗಳಾದ ಲ್ಯಾಂಪೋರ್ಟ್, ಶೋಸ್ತಾಕ್, ಪೀಸ್ 1982ರಲ್ಲಿ ಬರೆದಂತೆ, ಸಹಿಯಿಲ್ಲದ (ಅಂದರೆ ಮೂಲತಃ ಯಾರು ಹೇಳಿದ್ದು ಎಂಬುದಕ್ಕೆ ಪುರಾವೆ ಇಲ್ಲದ) ಸಂದೇಶಗಳಲ್ಲಿ, ನಮ್ಮ ಕೆಟ್ಟ ಮಾಪಕದಂಥ ಒಬ್ಬ ಸುಳ್ಳುಗಾರನನ್ನು ತಡೆದುಕೊಳ್ಳಲು ಅವನೂ ಸೇರಿ ಕನಿಷ್ಠ ನಾಲ್ವರು ಬೇಕು. ನಮ್ಮಲ್ಲಿ ನಾಲ್ಕು ಮಾಪಕಗಳೇನೋ ಇವೆ, ಆದರೆ ಉಂಗುರ ಸಾಲದು. ಅಡ್ಡ ಗೆರೆ ಎರಡನ್ನೂ ಎಳೆದು, ಪ್ರತಿಯೊಂದೂ ಉಳಿದ ಮೂರರ ಜೊತೆ ನೇರವಾಗಿ ಮಾತಾಡುವಂತೆ ಮಾಡಬೇಕು.