ಸರ್ಕಾರದ ಸಾಲದ ಬಿಸಿ ನಮ್ಮೂರಿಗೆ ತಟ್ಟುತ್ತಾ? ನೀವೇ ಲೆಕ್ಕ ಹಾಕಿ

ಸಾಲ ತೀರಿಸಲಾಗದೆ ಸರ್ಕಾರ ಕೈ ಎತ್ತಿದರೆ ದಾವಣಗೆರೆಯ ಗಾರೆ ಕೆಲಸದವರಿಗೆ ಏನಾಗುತ್ತದೆ? ಕೈ ಎತ್ತುವುದೇ ಬೇಡ, ಎತ್ತಬಹುದು ಅನ್ನುವ ಅನುಮಾನವೇ ಸಾಕು.

ಮೊದಲು ಬಡ್ಡಿ ನೋಡಿ. ಸರ್ಕಾರ ಬಾಂಡ್ (ಬಡ್ಡಿ ಸಮೇತ ವಾಪಸ್ ಕೊಡುತ್ತೇವೆ ಅನ್ನುವ ಸಾಲಪತ್ರ) ಮಾರಿ ಸಾಲ ಎತ್ತುತ್ತದೆ, ರಾಜ್ಯಗಳ ಬಾಂಡ್‌ಗಳನ್ನು ರಿಸರ್ವ್ ಬ್ಯಾಂಕ್ ಹರಾಜು ಹಾಕುತ್ತದೆ. ಕೊಳ್ಳುವವರಿಗೆ ಅನುಮಾನ ಬಂದರೆ ಜಾಸ್ತಿ ಬಡ್ಡಿ ಕೇಳುತ್ತಾರೆ. ಸರ್ಕಾರವೇ ಅಷ್ಟು ಕೊಡುವಾಗ ಬ್ಯಾಂಕಿನವರು ಮಂಡಕ್ಕಿ ಭಟ್ಟಿಗೆ ಕಮ್ಮಿ ಬಡ್ಡಿಗೆ ಯಾಕೆ ಸಾಲ ಕೊಡುತ್ತಾರೆ? ಭಟ್ಟಿಯವರು ಹೊಸ ಆಳು ತಗೊಳ್ಳುವುದನ್ನು ಮುಂದಕ್ಕೆ ಹಾಕುತ್ತಾರೆ.

ಆಮೇಲೆ ರಾಜ್ಯ ಬಜೆಟ್ ತೆಗೆಯಿರಿ, ಹಣಕಾಸು ಇಲಾಖೆಯ ವೆಬ್‌ಸೈಟ್‌ನಲ್ಲಿ ಸಿಗುತ್ತದೆ. ಅಷ್ಟೂ ಪುಟ ಓದಬೇಡಿ. ರಾಜಸ್ವ ಜಮೆ (ಸಾಲ ಬಿಟ್ಟು ತೆರಿಗೆ ಮುಂತಾದವುಗಳಿಂದ ಬರುವ ದುಡ್ಡು), ಬಡ್ಡಿ ಪಾವತಿ, ಬಂಡವಾಳ ವೆಚ್ಚ (ರಸ್ತೆ, ಕಾಲುವೆಯಂಥ ಕಟ್ಟುವ ಕೆಲಸಕ್ಕೆ ಹಾಕುವ ದುಡ್ಡು), ಈ ಮೂರು ಸಾಲು ಸಾಕು. ಬಡ್ಡಿಯನ್ನು ಜಮೆಯಿಂದ ಭಾಗಿಸಿ ನೂರರಿಂದ ಗುಣಿಸಿ. ನೂರು ರೂಪಾಯಿ ಬಂದರೆ ಬಡ್ಡಿಗೆ ಎಷ್ಟು ಹೋಗುತ್ತದೆ ಅಂತ ಗೊತ್ತಾಗುತ್ತದೆ. ಮೂರು ವರ್ಷದ್ದು ಹೀಗೇ ಮಾಡಿ. ಅದು ಏರುತ್ತಾ, ಬಂಡವಾಳ ವೆಚ್ಚ ಇಳಿಯುತ್ತಾ ಇದ್ದರೆ ಹುಷಾರು, ಯಾಕಂದರೆ ಸಂಬಳ, ಪಿಂಚಣಿ ನಿಲ್ಲಿಸೋಕೆ ಆಗಲ್ಲ, ಮೊದಲು ನಿಲ್ಲುವುದು ರಸ್ತೆ, ಕಾಲುವೆ ಕೆಲಸವೇ.

ಈಗ ಬೀದಿಗೆ ಬನ್ನಿ. ನಮ್ಮ ಮನೆ ಹತ್ತಿರ ಒಂದು ಚರಂಡಿ ಕೆಲಸ ಅರ್ಧಕ್ಕೆ ನಿಂತಿತ್ತು. ಕಟ್ಟಿದ ಕಬ್ಬಿಣ ಮಳೆಗೆ ಕೆಂಪಾಗಿ, ತುಕ್ಕಿನ ನೀರು ಅಂಗಡಿ ಮೆಟ್ಟಿಲವರೆಗೂ ಹರಿದಿತ್ತು. ಮೇಸ್ತ್ರಿ ಕೇಳಿದರೆ ‘ಬಿಲ್ ಆಗಿಲ್ಲ ಸಾರ್’ ಅಂದರು. ಗುತ್ತಿಗೆದಾರರಿಗೆ ದುಡ್ಡಿಲ್ಲ, ಸಿಮೆಂಟ್ ಅಂಗಡಿಯ ಉದ್ರಿ ತೀರಲಿಲ್ಲ, ಅವರು ಮುಂದೆ ಮಾಲು ಕೊಡಲಿಲ್ಲ, ಎಂಟು ಜನರ ಕೂಲಿ ಹೋಯಿತು, ಸಂಜೆ ಅವರು ತಿನ್ನುತ್ತಿದ್ದ ಮಂಡಕ್ಕಿ ಮಿರ್ಚಿ ಗಾಡಿಯ ವ್ಯಾಪಾರವೂ ಬಿತ್ತು. ಬಿಲ್ ತಡವಾದ ತಕ್ಷಣ ಸರ್ಕಾರ ದಿವಾಳಿ ಅಂತಲ್ಲ, ಅದಕ್ಕೆ ಬೇರೆ ಕಾರಣವೂ ಇರುತ್ತವೆ. ಆದರೆ ದುಡ್ಡು ನಿಂತರೆ ಪೆಟ್ಟು ಬೀಳುವುದು ಇದೇ ದಾರಿಯಲ್ಲಿ.

1991ರಲ್ಲಿ ಭಾರತ ವಿದೇಶದಲ್ಲಿ ಚಿನ್ನ ಅಡವಿಟ್ಟು ಸಾಲದ ಮಾತು ಉಳಿಸಿಕೊಂಡಿತು. 2022ರ ಏಪ್ರಿಲ್‌ನಲ್ಲಿ ಶ್ರೀಲಂಕಾಗೆ ಅದು ಆಗಲಿಲ್ಲ, ವಿದೇಶಿ ಸಾಲದ ಕಂತು ನಿಲ್ಲಿಸಿತು. ಅಷ್ಟರಲ್ಲಾಗಲೇ ಅಲ್ಲಿನ ಜನ ಪೆಟ್ರೋಲ್, ಗ್ಯಾಸ್‌ಗೆ ಕ್ಯೂ ನಿಂತಿದ್ದರು.

ನೀವು ಸರ್ಕಾರಿ ಕೆಲಸಕ್ಕೆ ಮಾಲು ಕೊಡುವವರಾದರೆ, ಹಿಂದಿನ ಬಿಲ್ ಯಾವಾಗ ಬಂತು ಅಂತ ಕೇಳಿಯೇ ಮುಂದಿನ ಲೋಡ್ ಕಳಿಸಿ. ಕೂಲಿಗೆ ಹೋಗುವವರು ವಾರದ ಬಟವಾಡೆ ವಾರಕ್ಕೇ ಕೇಳಿ ತಗೊಳ್ಳಿ, ತಿಂಗಳಿಗೆ ಬಿಡಬೇಡಿ.