ಸೈಕಲ್ ಶಾಪಿನವರು ‘ನಾಳೆ ಬನ್ನಿ’ ಅಂದರೆ ಏನು ಮಾಡಬೇಕು?

ಮಗಳ ಹೊಸ ಗೇರ್ ಸೈಕಲ್ ಮನೆಗೆ ಬಂದು ಮೂರು ವಾರ ಆಗಿತ್ತು. ಸಾಲಗಾಮೆ ರಸ್ತೆಯಲ್ಲಿ ಎಡಗಡೆ ಪೆಡಲ್ ಕಳಚಿ ಬಿತ್ತು. ಪುಣ್ಯಕ್ಕೆ ಮೊಣಕಾಲು ತರಚಿದ್ದಷ್ಟೇ. ಹಾಸನದಲ್ಲೇ ಕೊಂಡ ಸೈಕಲ್, ಅದೇ ಅಂಗಡಿಗೆ ತಳ್ಳಿಕೊಂಡು ಹೋದೆ. ಮಾಲೀಕರು ಮೊಬೈಲಿನಿಂದ ತಲೆ ಎತ್ತಲಿಲ್ಲ. ‘ಮಗು ರಫ್ಫಾಗಿ ಓಡ್ಸಿದೆ ಅಕ್ಕಾ. ಹುಡುಗ ಇಲ್ಲ, ನಾಳೆ ಬನ್ನಿ’ ಅಂದರು. ನಾಳೆ ಹೋದರೆ ಮತ್ತೆ ನಾಳೆ. ಹಾಸನಾಂಬೆಯಾದರೂ ವರ್ಷಕ್ಕೊಮ್ಮೆ ಬಾಗಿಲು ತೆಗೆದು ದರ್ಶನ ಕೊಡುತ್ತಾಳೆ. ಆ ಮೆಕ್ಯಾನಿಕ್ ಹುಡುಗನ ದರ್ಶನ ಆಗಲೇ ಇಲ್ಲ.

ನಾಲ್ಕನೇ ಸಲ ಹೋದಾಗ ಜೋರಾಗಿ ಜಗಳ ಆಡಿದೆ. ಅದರಿಂದ ಗಂಟಲು ನೋವು ಬಂತೇ ಹೊರತು ಪೆಡಲ್ ಬರಲಿಲ್ಲ. ಆಮೇಲೆ ಏನು ಮಾಡಿದರೆ ಕೆಲಸ ಆಯಿತು ಅನ್ನುವುದನ್ನು ಇಲ್ಲಿ ಹೇಳುತ್ತೇನೆ.

ತಪ್ಪು ಯಾರದು, ಮೊದಲು ಪತ್ತೆ ಮಾಡಿ

ಸೈಕಲ್ ಕೆಟ್ಟರೆ ಮೂವರಲ್ಲಿ ಒಬ್ಬರು ಕಾರಣ. ಕಂಪನಿ, ಅಂಗಡಿ ಅಥವಾ ನಾವು. ಅಂಗಡಿಯವರು ಈ ಮೂರನ್ನೂ ಕಲಸಿ ಮಾತಾಡುತ್ತಾರೆ. ನಾವು ಬಿಡಿಸಿ ಹೇಳಬೇಕು.

ಫ್ರೇಮಿನ ವೆಲ್ಡಿಂಗ್ ಬಿರುಕು ಬಿಟ್ಟರೆ ಅದು ಕಂಪನಿ ಕಡೆಯ ದೋಷ. ವಾರಂಟಿ ಇರುವುದು ಮುಖ್ಯವಾಗಿ ಇಂಥದ್ದಕ್ಕೆ. ಟ್ಯೂಬು, ಟೈರು, ಬ್ರೇಕ್ ಶೂ ಸವೆಯುವ ಸಾಮಾನುಗಳು. ಅವಕ್ಕೆ ಸಾಮಾನ್ಯವಾಗಿ ವಾರಂಟಿ ಇರುವುದಿಲ್ಲ, ಆ ವಿಷಯಕ್ಕೆ ವಾದ ಮಾಡಬೇಡಿ. ಮಳೆಯಲ್ಲಿ ನೆನೆಸಿ, ಎಣ್ಣೆ ಕಾಣಿಸದೆ ಚೈನು ತುಕ್ಕು ಹಿಡಿದಿದ್ದರೆ ತಪ್ಪು ನಮ್ಮದೇ.

ಇನ್ನು ಅಂಗಡಿಯವರ ತಪ್ಪು. ಜನರಿಗೆ ಗೊತ್ತಾಗದೆ ಹೋಗುವುದು ಇದೇ. ಹೊಸ ಸೈಕಲ್ ಕಾರ್ಖಾನೆಯಿಂದ ರಟ್ಟಿನ ಪೆಟ್ಟಿಗೆಯಲ್ಲಿ ಅರೆಬರೆ ಜೋಡಿಸಿದ ಸ್ಥಿತಿಯಲ್ಲಿ ಬರುತ್ತದೆ. ಹ್ಯಾಂಡಲ್, ಮುಂದಿನ ಚಕ್ರ, ಪೆಡಲ್ ಇವನ್ನೆಲ್ಲ ಕೂರಿಸಿ, ಬ್ರೇಕು ಗೇರು ಹೊಂದಿಸಿ ಕೊಡುವುದು ಅಂಗಡಿಯವರ ಕೆಲಸ. ಇದರಲ್ಲಿ ಎಡ ಪೆಡಲ್‌ದು ಒಂದು ವಿಶೇಷ. ಅದರ ಮರೆ, ಅಂದರೆ ತಿರುಗಿಸಿ ಕೂರಿಸುವ ಥ್ರೆಡ್, ಉಲ್ಟಾ. ಬಲ ಪೆಡಲ್ ಗಡಿಯಾರದ ಮುಳ್ಳು ತಿರುಗುವ ಕಡೆಗೆ ಬಿಗಿಯಾದರೆ, ಎಡದ್ದು ಅದರ ವಿರುದ್ಧ ಬಿಗಿಯಾಗುತ್ತದೆ. ಅದಕ್ಕೇ ಪೆಡಲ್ಲಿನ ತುದಿಯಲ್ಲಿ ‘ಎಲ್’, ‘ಆರ್’ ಅಂತ ಕೊರೆದಿರುತ್ತಾರೆ. ಸರಿಯಾದ ಪೆಡಲನ್ನು ಮೊದಲು ಕೈಯಲ್ಲೇ ನಾಲ್ಕೈದು ಸುತ್ತು ಸಲೀಸಾಗಿ ತಿರುಗಿಸಬಹುದು. ಅವಸರದಲ್ಲಿ ಸೊಟ್ಟಗೆ ಇಟ್ಟು ಸ್ಪಾನರ್ ಹಾಕಿ ಒತ್ತಿದರೆ ಕ್ರ್ಯಾಂಕಿನ, ಅಂದರೆ ಪೆಡಲ್ ಕೂರುವ ತೋಳಿನ, ಒಳಗಿನ ಮರೆ ಕತ್ತರಿಸಿಹೋಗುತ್ತದೆ. ಅವತ್ತು ಕೂತಂತೆ ಕಾಣುತ್ತದೆ. ತುಳಿದು ತುಳಿದು ಕೆಲವು ವಾರಕ್ಕೆ ಕಳಚುತ್ತದೆ. ಹತ್ತು ವರ್ಷದ ಮಗು ಎಷ್ಟೇ ರಫ್ಫಾಗಿ ತುಳಿದರೂ, ಸರಿಯಾಗಿ ಕೂರಿಸಿದ ಪೆಡಲ್ ಮೂರು ವಾರಕ್ಕೆ ಹಾಗೆ ಬಿಚ್ಚಿಕೊಳ್ಳುವುದಿಲ್ಲ.

ಇದನ್ನು ನನಗೆ ತೋರಿಸಿಕೊಟ್ಟವರು ಸಂತೆಪೇಟೆ ಕಡೆ ಪಂಚರ್ ಹಾಕುವ ಒಬ್ಬ ಹಿರಿಯರು. ಕ್ರ್ಯಾಂಕಿನ ತೂತಿಗೆ ಟಾರ್ಚ್ ಹಿಡಿದು, ‘ನೋಡವ್ವಾ, ಮರೆಯೆಲ್ಲ ಒಂದೇ ಕಡೆ ತಿಂದೋಗೈತೆ’ ಅಂದರು. ಹೀಗೆ ಇನ್ನೊಬ್ಬ ಮೆಕ್ಯಾನಿಕ್‌ಗೆ ತೋರಿಸುವುದು ಒಳ್ಳೆಯದು. ಆದರೆ ಬಿಚ್ಚಲು ಬಿಡಬೇಡಿ. ಬಿಚ್ಚಿದರೆ ‘ಬೇರೆಯವರು ಕೈ ಹಾಕಿದ್ದಾರೆ’ ಅನ್ನುವ ನೆಪ ಸಿಕ್ಕಿಬಿಡುತ್ತದೆ. ಹತ್ತಿರದಿಂದ ನಾಲ್ಕು ಫೋಟೊ ತೆಗೆದುಕೊಳ್ಳಿ. ಫ್ರೇಮ್ ನಂಬರಿನದೂ ಒಂದು ಇರಲಿ. ಸಾಮಾನ್ಯವಾಗಿ ಅದು ಪೆಡಲ್ ಅಚ್ಚಿನ ಕೆಳಗೆ, ಸೈಕಲ್ ತಲೆಕೆಳಗು ಮಾಡಿದರೆ ಕಾಣುತ್ತದೆ.

ಕೈಯಲ್ಲಿರುವ ಚೀಟಿ ಬಿಲ್ಲೇನಾ?

ಮನೆಗೆ ಬಂದು ಬಿಲ್ ಹುಡುಕಿದೆ. ಸಿಕ್ಕಿದ್ದು ‘ಎಸ್ಟಿಮೇಟ್’ ಅಂತ ಅಚ್ಚಾದ ಒಂದು ಹಳದಿ ಚೀಟಿ. ಅಂಗಡಿ ಹೆಸರೂ ಇಲ್ಲ, ಸೀಲೂ ಇಲ್ಲ. ನೂರಿನ್ನೂರು ಉಳಿಯುತ್ತದೆ ಅಂತ ಇದಕ್ಕೆ ಒಪ್ಪಿಕೊಂಡವಳು ನಾನೇ, ಬೈದುಕೊಳ್ಳುವುದು ಯಾರನ್ನು? ಅಂದಹಾಗೆ 2025ರ ಸೆಪ್ಟೆಂಬರ್ 22ರಿಂದ ಸೈಕಲ್ ಮೇಲಿನ ಜಿಎಸ್‌ಟಿ ಶೇ 12ರಿಂದ ಶೇ 5ಕ್ಕೆ ಇಳಿದಿದೆ. ‘ಬಿಲ್ ಬೇಕಂದ್ರೆ ಟ್ಯಾಕ್ಸ್ ಜಾಸ್ತಿ’ ಅನ್ನುವ ಹಳೇ ರಾಗಕ್ಕೆ ಈಗ ಅಷ್ಟು ಬೆಲೆ ಇಲ್ಲ.

ಬಿಲ್ ಇಲ್ಲದಿದ್ದರೆ ಕಥೆ ಮುಗಿಯಿತು ಅಂತಲ್ಲ. ಯುಪಿಐನಲ್ಲಿ ದುಡ್ಡು ಕೊಟ್ಟಿದ್ದರೆ ಆ ದಾಖಲೆ ಇರುತ್ತದೆ. ವಾರಂಟಿ ಕಾರ್ಡಿನ ಮೇಲೆ ಅಂಗಡಿ ಸೀಲ್ ಇದ್ದರೆ ಅದೂ ಸಾಕ್ಷಿಯೇ. ಬಿಲ್ ಕೊಡದಿರುವುದೇ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ತಪ್ಪು ವ್ಯಾಪಾರ ಪದ್ಧತಿ. ಅದೇ ಕಾಯ್ದೆಯಲ್ಲಿ ಇನ್ನೊಂದು ಮಾತಿದೆ. ದೋಷ ಇರುವ ಮಾಲನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯಲ್ಲಿ, ಅವಧಿ ಹೇಳದಿದ್ದರೆ 30 ದಿನದಲ್ಲಿ, ವಾಪಸ್ ತೆಗೆದುಕೊಂಡು ದುಡ್ಡು ಕೊಡಲು ನಿರಾಕರಿಸುವುದೂ ತಪ್ಪೇ. ಆದ್ದರಿಂದ ‘ಮಾರಿದ ಮಾಲು ವಾಪಸ್ಸಿಲ್ಲ’ ಅನ್ನುವ ಬೋರ್ಡ್ ನೋಡಿ ಹೆದರಬೇಡಿ. ಬಣ್ಣ ಇಷ್ಟವಾಗಲಿಲ್ಲ ಅಂತ ವಾಪಸ್ ಕೊಡಲು ಹೋದರೆ ಮಾತ್ರ ಈ ಕಾಯ್ದೆ ಹಿಡಿದುಕೊಳ್ಳಬೇಡಿ.

ಹೋಗುವ ಹೊತ್ತು, ಆಡುವ ಮಾತು

ಸಂಜೆ ಹೋಗಬೇಡಿ. ಶಾಲೆ ಬಿಟ್ಟ ಮೇಲೆ ಗಾಳಿ ಹೊಡೆಸುವವರು, ಪಂಚರಿನವರು ಎಲ್ಲ ಮುತ್ತಿಕೊಂಡಿರುತ್ತಾರೆ. ಬೆಳಿಗ್ಗೆ ಅಂಗಡಿ ತೆಗೆದು ಊದುಬತ್ತಿ ಹಚ್ಚಿ ಅರ್ಧ ಗಂಟೆಯಾದ ಮೇಲೆ ಹೋಗಿ. ಬೋಣಿಗೆ ಮುಂಚೆಯೇ ತಕರಾರು ಹಿಡಿದು ನಿಂತರೆ ಯಾರಿಗಾದರೂ ಸಿಟ್ಟು ಬರುತ್ತದೆ.

‘ನಿಮ್ಮ ಸೈಕಲ್ ಸರಿಯಿಲ್ಲ’ ಅಂತ ಶುರು ಮಾಡಬೇಡಿ. ‘ಅಣ್ಣಾ, ಫಿಟ್ಟಿಂಗ್‌ನಲ್ಲಿ ಪೆಡಲ್ ಸೊಟ್ಟ ಕೂತಿದೆ. ಕ್ರ್ಯಾಂಕ್ ಬದಲಾಯಿಸಿ ಕೊಡಿ. ಯಾವತ್ತು ಬರಲಿ?’ ಇಷ್ಟು ಸಾಕು. ಏನು ಕೆಟ್ಟಿದೆ, ಏನು ಬೇಕು, ಯಾವಾಗ, ಮೂರೂ ಬಂತು. ಅವರು ಹೇಳಿದ ದಿನವನ್ನು ಅಲ್ಲೇ ನಿಂತು ವಾಟ್ಸ್ಆ್ಯಪ್‌ನಲ್ಲಿ ಅವರಿಗೇ ಕಳಿಸಿ: ‘ಗುರುವಾರ ಕ್ರ್ಯಾಂಕ್ ಬದಲಾಯಿಸಿ ಕೊಡುತ್ತೇನೆ ಅಂದಿದ್ದೀರಿ, ಗುರುವಾರ 10 ಗಂಟೆಗೆ ಬರುತ್ತೇನೆ.’ ಬಾಯಿಮಾತಿನ ನಾಳೆಗೆ ಕೊನೆ ಇಲ್ಲ. ಬರೆದ ಗುರುವಾರ ಬಂದೇ ಬರುತ್ತದೆ.

ಸೈಕಲ್ ಅಲ್ಲೇ ಬಿಟ್ಟು ಬರುವುದಾದರೆ ಚೀಟಿ ಬರೆಸಿಕೊಳ್ಳಿ, ಫೋಟೊ ತೆಗೆದುಕೊಳ್ಳಿ. ಬಿಟ್ಟಾಗ ಇದ್ದ ಬೆಲ್ಲು ವಾಪಸ್ ತರುವಾಗ ಇಲ್ಲದಿರುವುದು ಹೊಸದೇನಲ್ಲ.

ಆದರೂ ಬಗ್ಗದಿದ್ದರೆ

ಒಂದು ಪುಟದ ಕಾಗದ ಬರೆಯಿರಿ, ಕನ್ನಡದಲ್ಲೇ. ಕೊಂಡ ತಾರೀಕು, ಕೊಟ್ಟ ದುಡ್ಡು, ಫ್ರೇಮ್ ನಂಬರ್, ಆದ ತೊಂದರೆ, ಎಷ್ಟು ಸಲ ಹೋಗಿ ಬಂದಿರಿ, ಈಗ ಏನು ಬೇಕು, 15 ದಿನದ ಗಡುವು. ಬೈಗುಳ ಬೇಡ. ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ ರಸೀದಿ ಇಟ್ಟುಕೊಳ್ಳಿ. ಫ್ರೇಮಿನ ದೋಷವಾದರೆ ಒಂದು ಪ್ರತಿ ಕಂಪನಿಗೂ ಹೋಗಲಿ. ವಿಳಾಸ ವಾರಂಟಿ ಕಾರ್ಡಿನಲ್ಲೇ ಇರುತ್ತದೆ.

ಅದಕ್ಕೂ ಉತ್ತರ ಬರದಿದ್ದರೆ 1915ಕ್ಕೆ ಫೋನ್ ಮಾಡಿ. ಇದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಕರೆಗೆ ದುಡ್ಡಿಲ್ಲ, ಕನ್ನಡದಲ್ಲೂ ಮಾತಾಡಬಹುದು. ದೂರಿಗೆ ಒಂದು ನಂಬರ್ ಕೊಡುತ್ತಾರೆ. ಇವರು ತೀರ್ಪು ಕೊಡುವವರಲ್ಲ, ನಡುವೆ ನಿಂತು ದೂರು ಮುಟ್ಟಿಸುವವರು.

ಕೊನೆಗೆ ಉಳಿಯುವುದು ಜಿಲ್ಲಾ ಗ್ರಾಹಕರ ಆಯೋಗ. 5 ಲಕ್ಷ ರೂಪಾಯಿ ಒಳಗಿನ ಖರೀದಿಗೆ ಅರ್ಜಿ ಶುಲ್ಕ ಇಲ್ಲ, ವಕೀಲರು ಇರಲೇಬೇಕು ಅಂತಿಲ್ಲ, ಎರಡು ವರ್ಷದೊಳಗೆ ದೂರು ಕೊಡಬೇಕು. ನಾವು ವಾಸ ಇರುವ ಜಿಲ್ಲೆಯಲ್ಲೇ ಹಾಕಬಹುದು. ಆನ್‌ಲೈನ್‌ನಲ್ಲಿ ತರಿಸಿದ ಸೈಕಲ್ ಲುಧಿಯಾನದಿಂದ ಬಂದಿದ್ದರೂ ಕೇಸು ಹಾಸನದಲ್ಲೇ. ಸೈಕಲ್ ತುಳಿದು ಪೇಪರ್ ಹಾಕುವ ಹುಡುಗನೂ ಇಲ್ಲಿ ಗ್ರಾಹಕನೇ. ಸ್ವಂತ ದುಡಿಮೆಯ ಹೊಟ್ಟೆಪಾಡಿಗೆ ಕೊಂಡದ್ದನ್ನು ಕಾಯ್ದೆ ವ್ಯಾಪಾರ ಅಂತ ಲೆಕ್ಕ ಹಾಕುವುದಿಲ್ಲ. ಆದರೆ ನಾನೂರು ರೂಪಾಯಿ ಕೆಲಸಕ್ಕೆ ತಿಂಗಳುಗಟ್ಟಲೆ ಓಡಾಡುವುದು ನನಗಂತೂ ಬೇಡ ಅನ್ನಿಸುತ್ತದೆ. ಫ್ರೇಮ್ ಮುರಿದಿದ್ದರೆ, ಮಗುವಿಗೆ ಪೆಟ್ಟು ಜೋರಾಗಿ ಬಿದ್ದಿದ್ದರೆ, ಆಗ ಹಾಕಲೇಬೇಕು.

ನನ್ನ ವಿಷಯ ಅಷ್ಟು ದೂರ ಹೋಗಲಿಲ್ಲ. ಕಾಗದ ಮುಟ್ಟಿದ ಮೂರನೇ ದಿನ ಅಂಗಡಿಯಿಂದಲೇ ಫೋನ್ ಬಂತು. ‘ಇಷ್ಟಕ್ಕೆಲ್ಲ ಕಾಗದ ಯಾಕಕ್ಕಾ, ಒಂದು ಮಾತು ಹೇಳಿದ್ರೆ ಸಾಕಿತ್ತಲ್ವಾ?’ ಅಂದರು. ನಾಲ್ಕು ಸಲ ಹೇಳಿದ್ದೆ ಅನ್ನಲಿಲ್ಲ ನಾನು. ಎಡಗಡೆ ಕ್ರ್ಯಾಂಕ್ ಹೊಸದು ಹಾಕಿದರು. ಪೆಡಲನ್ನು ಕೈಯಲ್ಲೇ ತಿರುಗಿಸಿ ಕೂರಿಸುವವರೆಗೂ ಪಕ್ಕದಲ್ಲೇ ನಿಂತಿದ್ದೆ. ಆ ಹುಡುಗ ಕೊನೆಗೂ ಇದ್ದ. ಜೊತೆಗೆ ಸೀಲ್ ಹಾಕಿದ ಬಿಲ್ಲೂ ಕೊಟ್ಟರು. ಗಾಳಿ ಹೊಡೆಸಲು ಈಗಲೂ ಅಲ್ಲಿಗೇ ಹೋಗುತ್ತೇವೆ. ಅದಕ್ಕೆ ಬಿಲ್ ಕೇಳುವುದಿಲ್ಲ.